‘ಕುಠೇ ಉತರಣಾರ?’

ಮುಂಬಯಿಯ ಬೆಳಗಿನ ಲೋಕಲು ಡೊಂಬಿವಲಿಯಲ್ಲಿ ನಿಲ್ಲುವುದು ಅರೆಗಳಿಗೆ. ಅಷ್ಟರಲ್ಲಿ ನುಗ್ಗಿ ಒಳಬಂದ ಹೆಂಗಸರ ಬಾಯಿಂದ ಹೊರಡುವ ಮೊದಲ ಮಾತು ‘ಕುಠೇ?’ ಎಲ್ಲಿ ಇಳಿಯುತ್ತೀ ಎಂದು. ಕೂತವಳು ಫೋನಿನಿಂದ ತಲೆ ಎತ್ತದೆ ‘ಠಾಣೆ’ ಅನ್ನುತ್ತಾಳೆ. ಅಲ್ಲಿಗೆ ಆ ಸೀಟು ಕೇಳಿದವಳ ಹೆಸರಿಗೆ ಆಯಿತು. ಹಿಂದಿನಿಂದ ಇನ್ನೊಬ್ಬಳು ಬಂದು ಕೇಳಿದರೆ, ಅದು ಆಗಲೇ ಹೋಯಿತು ಎಂದು ಸುತ್ತಲಿನವರೇ ಸಾಕ್ಷಿ ಹೇಳುತ್ತಾರೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮೈ ಊರಿ ಕೂರುವ ನಾಲ್ಕನೆಯವಳದು ‘ಚೌಥಿ ಸೀಟು’. ಅದಕ್ಕೂ ಪೈಪೋಟಿ.

ಹೀಗೆ ಸೀಟು ಕೈಬದಲಾಗುವಾಗ ಕತೆಗಳೂ ಕೈಬದಲಾಗುತ್ತವೆ. ಕಿಟಕಿ ಪಕ್ಕದವಳು ಫೋನಿನಲ್ಲಿ ಉಡುಪಿ ಕಡೆಯ ಕನ್ನಡದಲ್ಲಿ ದನಿ ತಗ್ಗಿಸಿ ಕೇಳುತ್ತಿದ್ದಳು: ‘ಅವ ಸಹಿ ಹಾಕಿದ್ನಾ ಇಲ್ವಾ, ಅಷ್ಟು ಹೇಳು ಮಾರಾಯ್ತಿ.’ ಆಚೆಯವಳು ಏನೋ ಅಂದಳು. ‘ಹಾಗಾದ್ರೆ ಪಾತ್ರೆಗಳೆಲ್ಲ ಈಗ ಯಾರ ಹತ್ರ ಉಂಟು?’ ಅಷ್ಟರಲ್ಲಿ ಠಾಣೆ. ಬ್ಯಾಗು ಎದೆಗವಚಿಕೊಂಡು ಅವಳು ಗರ್ದಿಯಲ್ಲಿ ಕರಗಿದಳು. ಯಾವ ಸಹಿ? ಆಸ್ತಿಯದೋ, ಸೋಡಚೀಟಿಯದೋ? ಪಾತ್ರೆ ಎಂದರೆ ತವರಿನವರು ಕೊಟ್ಟ ಹಂಡೆ ಕೊಪ್ಪರಿಗೆಯೋ, ನಿಂತುಹೋದ ಕೇಟರಿಂಗಿನದೋ? ಕೇಳುವಂತಿಲ್ಲ. ಬರೆಯುವ ಗೀಳಿದ್ದವರಿಗೆ ಅದೇ ಅನುಕೂಲ. ಪೂರಾ ಕೇಳಿಸಿದ್ದರೆ ಅದು ಬರೀ ಚಾಡಿ. ಅರ್ಧಕ್ಕೆ ತುಂಡಾದದ್ದರಿಂದ ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳಬೇಕು.

2022ರಲ್ಲಿ ಠಾಣೆ–ದಿವಾ ನಡುವೆ ಹೊಸ ಹಳಿಗಳು ಬರುವ ತನಕ ಫಾಸ್ಟ್ ಲೋಕಲುಗಳು ಪಾರಸಿಕ್ ಗುಡ್ಡದ ಸುರಂಗದೊಳಗೇ ಹೋಗುತ್ತಿದ್ದವು. 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಸುರಂಗ. ಒಳಹೊಕ್ಕ ಕೂಡಲೇ ಫೋನಿನ ಸಂಪರ್ಕ ಕಡಿಯುತ್ತಿತ್ತು. ‘ಹಲೋ, ಹಲೋ, ಏನಂದ್ರಿ?’ ಎಂಬ ನಾಲ್ಕಾರು ಭಾಷೆಯ ಕೂಗು ಡಬ್ಬಿಯ ತುಂಬ. ಈಚೆ ಬೆಳಕಿಗೆ ಬರುವ ಹೊತ್ತಿಗೆ ಎಷ್ಟು ಜಗಳಗಳು ತಣ್ಣಗಾಗುತ್ತಿದ್ದವೋ, ಎಷ್ಟು ಹೊಸದಾಗಿ ಹುಟ್ಟುತ್ತಿದ್ದವೋ.

ಬರವಣಿಗೆಗೆ ಏಕಾಂತ ಬೇಕು, ಹೊಳೆದಂಡೆ ಬೇಕು ಎಂದು ಊರಲ್ಲಿರುವವರು ಹೇಳುತ್ತಾರೆ. ಒಂದು ಹಾಲ್, ಒಂದು ಬೆಡ್‌ರೂಮಿನಲ್ಲಿ ಅತ್ತೆ, ಟಿವಿ, ಹತ್ತನೇ ಕ್ಲಾಸಿನ ಮಗಳು ಎಲ್ಲರನ್ನೂ ಇಟ್ಟುಕೊಂಡ ಡೊಂಬಿವಲಿಯಲ್ಲಿ ಆ ಮಾತು ನಗೆ ತರಿಸುತ್ತದೆ. ಆದರೂ ಇದು ಬರೆಯುವವರ ಊರು. ಮರಾಠಿಯ ಶಂ. ನಾ. ನವರೆ ಇಲ್ಲಿಯವರು. 2017ರಲ್ಲಿ 90ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಇಲ್ಲೇ.

ಇನ್ನು ಕನ್ನಡ. ಅದು ಇಲ್ಲಿ ಎರಡು ಬಾಗಿಲಿನಿಂದ ಬರುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗಳಿಂದ ಕಲ್ಯಾಣದಲ್ಲಿ ಇಳಿಯುತ್ತಾರೆ. ಜೋಳದ ರೊಟ್ಟಿಯ ಗಂಟು, ಶೇಂಗಾ ಹಿಂಡಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮಂಗಳೂರು, ಕುಂದಾಪುರದವರಿಗೆ ಠಾಣೆ, ಪನವೇಲ್. ಅವರ ಚೀಲದಲ್ಲಿ ಕುಚ್ಚಲಕ್ಕಿ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಊರಲ್ಲಿದ್ದಿದ್ದರೆ ಈ ಇಬ್ಬರೂ ಒಬ್ಬರನ್ನೊಬ್ಬರು ಕಾಣುತ್ತಲೇ ಇರಲಿಲ್ಲ. ಇಲ್ಲಿ ಒಂದೇ ಬೆಂಚಿನಲ್ಲಿ ಹರಕು ಹಿಂದಿಯಲ್ಲಿ ಅರ್ಧ ದಾರಿ ಮಾತಾಡಿ, ಒಬ್ಬಳ ಫೋನು ರಿಂಗಾದಾಗ, ‘ಅಯ್ಯ, ನೀವೂ ಕನ್ನಡದವರೇನ್ರೀ ಅಕ್ಕಾರ?’ ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಮುಂಬಯಿಯ ಕನ್ನಡ ಕತೆಯ ಇಬ್ಬರು ದೊಡ್ಡವರ ಕಸುಬು ನೋಡಿ. ಹನೇಹಳ್ಳಿಯ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. ಗೋಕರ್ಣದ ಜಯಂತ ಕಾಯ್ಕಿಣಿ ಔಷಧ ಉದ್ಯಮದಲ್ಲಿದ್ದ ಜೀವರಸಾಯನ ತಜ್ಞರು. ಇಬ್ಬರಿಗೂ ಹೊಟ್ಟೆಪಾಡು ಕೆಮಿಸ್ಟ್ರಿಯದೇ. ಸಾಹಿತ್ಯಕ್ಕೂ ಕಾರ್ಖಾನೆಗೂ ಏನು ಸಂಬಂಧ ಎಂದು ಕೇಳುವವರು 1979ರ ‘ಶಿಕಾರಿ’ ಓದಬೇಕು. ಕಂಪನಿಯ ಮೇಲಧಿಕಾರಿಗಳ ಸಂಚು, ಸಸ್ಪೆನ್ಶನ್ ಆರ್ಡರು, ವಿಚಾರಣೆ, ಇವೇ ಅಲ್ಲಿ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ಕಾಡು. ಕಾಯ್ಕಿಣಿಯವರಿಗೆ ಕತೆ ಸಿಕ್ಕಿದ್ದು ಫ್ರೇಮ್ ಹಾಕಿಸಿ ಯಾರೂ ವಾಪಸು ಒಯ್ಯದ ಫೋಟೋಗಳಲ್ಲಿ, ಸಿನಿಮಾ ಥಿಯೇಟರಿನ ಕಸ ಗುಡಿಸುವವನಿಗೆ ಸೀಟಿನ ಕೆಳಗೆ ಸಿಕ್ಕ ಥರ್ಮಾಸ್ ಫ್ಲಾಸ್ಕಿನಲ್ಲಿ, ಮದುಮಗನನ್ನು ಹೊತ್ತು ಓಡಿಹೋದ ಬಾಡಿಗೆ ಕುದುರೆಯಲ್ಲಿ. ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಚೆಕಾವ್ ಒಮ್ಮೆ ಗೆಳೆಯ ಕೊರೊಲೆಂಕೊ ಎದುರು ಮೇಜಿನ ಮೇಲಿದ್ದ ಬೂದಿತಟ್ಟೆ ಎತ್ತಿ, ಬೇಕಾದರೆ ನಾಳೆಯೇ ಇದರ ಮೇಲೊಂದು ಕತೆ ಎಂದನಂತೆ. ಬೂದಿತಟ್ಟೆಗಿಂತ ನನಗೆ ಆ ಫ್ಲಾಸ್ಕೇ ಹೆಚ್ಚು: ಅದನ್ನು ಮರೆತು ಹೋದವರು ಎಲ್ಲೋ ಇದ್ದಾರಲ್ಲ.

ಕೆಮಿಸ್ಟ್ರಿ ಅಂದೆ. ಡೊಂಬಿವಲಿಯ ಎಂಐಡಿಸಿಯಲ್ಲಿ ಸಂಜೆ ಗಾಳಿ ತಿರುಗಿದರೆ ಯಾವ ಫ್ಯಾಕ್ಟರಿಯಲ್ಲಿ ಏನು ಬೇಯುತ್ತಿದೆ ಎಂದು ಹಳಬರು ಮೂಗಿನಿಂದಲೇ ಹೇಳುತ್ತಾರೆ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಯೇ ನೋಡಲು ಬಂದರು. ಕತೆಯಲ್ಲಿ ಹೀಗೆ ಬರೆದು ಕಳಿಸಿದರೆ, ಲ್ಯಾಟಿನ್ ಅಮೆರಿಕದವರನ್ನು ಓದಿ ಕೆಟ್ಟಿದ್ದೀರಿ ಎಂದು ಸಂಪಾದಕರು ವಾಪಸು ಕಳಿಸಿಯಾರು. ಅಲ್ಲಿ ಬಾಲ್ಕನಿಯಲ್ಲಿ ಒಣಹಾಕಿದ ಬಿಳಿ ಶರಟನ್ನು ಒಳಗೆ ಎತ್ತಿಕೊಳ್ಳಲು ಓಡುವ ಗೃಹಿಣಿಗೆ ಅದು ಕತೆಯೂ ಅಲ್ಲ, ಬಣ್ಣವೂ ಅಲ್ಲ. ಅದನ್ನು ಬರೆಯಲು ಹೊರಟವರಿಗೆ ಮಳೆಗಿಂತ ಆ ಶರಟು ಮುಖ್ಯವಾಗಬೇಕು.

ಠಾಣೆಯಲ್ಲಿ ಬದಲಿಸಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದರೆ ಐರೋಲಿ, ರಬಾಳೆ, ಘನ್ಸೋಲಿ, ಕೊಪರಖೈರಣೆ. ನವಿ ಮುಂಬಯಿಯವರು ನೆಂಟರಿಗೆ ಖಾಡಿಯ ಫ್ಲೆಮಿಂಗೋಗಳನ್ನು ತೋರಿಸುತ್ತಾರೆ. ಚೆಂದವೇ, ಆದರೆ ಅವುಗಳ ಮೇಲೆ ಕವಿತೆ ಬರೆಯದವರು ಉಳಿದಿಲ್ಲ. ಏಪ್ರಿಲ್ ತಿಂಗಳಾದರೆ ನಾನು ನೆಂಟರನ್ನು ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆಗೆ ಕರೆದೊಯ್ಯುತ್ತೇನೆ. ನಸುಕಿನಲ್ಲೇ ಲಾರಿಗಳ ಸಾಲು, ತಲೆಯ ಮೇಲೆ ಪೇಟಿ ಹೊತ್ತು ‘ಸರಕೋ ಸರಕೋ’ ಎನ್ನುತ್ತ ಓಡುವ ಮಾಥಾಡಿಗಳು, ಕಾಲಡಿ ಭತ್ತದ ಹುಲ್ಲು.

2018ರಲ್ಲಿ ಜಿಐ ಮಾನ್ಯತೆ ಸಿಕ್ಕ ಮೇಲೆ ಕೊಂಕಣಪಟ್ಟಿಯ ಮಾವು ಮಾತ್ರ ಹಾಪುಸ್. ಆದರೂ ಕರ್ನಾಟಕದ ಆಪೂಸು ದೇವಗಡದ ಹೆಸರು ಹೊತ್ತು ಮಾರಾಟವಾಗುತ್ತದೆ ಎಂಬ ದೂರು ವರ್ಷವೂ ಏಳುತ್ತದೆ. ಗೇಟಿನ ಹೊರಗೆ ಚಿಲ್ಲರೆಗೆ ಮಾರುತ್ತಿದ್ದ ಹುಡುಗನ ಪೇಟಿಯ ಮೇಲೆ ಮರಾಠಿಯಲ್ಲಿ ದಪ್ಪಕ್ಕೆ ‘ದೇವಗಡ’ ಎಂದಿತ್ತು. ಹುಲ್ಲು ಸರಿಸಿದರೆ ಕೆಳಗೆ ಕನ್ನಡ ಪತ್ರಿಕೆಯ ಹಾಳೆ. ಯಾವುದೋ ತಾಲೂಕಿನ ನಿಧನ ವಾರ್ತೆ, ಪಕ್ಕದಲ್ಲಿ ಬೋರ್‌ವೆಲ್ ಜಾಹೀರಾತು. ಊರು ಬಿಟ್ಟು ಬಂದು, ನಡೆಯುವ ಹೆಸರೊಂದನ್ನು ಮೇಲೆ ಅಂಟಿಸಿಕೊಂಡು, ಅಡಿಯಲ್ಲಿ ತನ್ನ ಊರಿನ ಹಾಳೆ ಹಾಸಿಕೊಂಡು ಕೂತವರನ್ನು ನಾನು ಲೋಕಲಿನಲ್ಲೂ ನೋಡಿದ್ದೇನೆ, ಹೋಟೆಲಿನ ಗಲ್ಲೆಯಲ್ಲೂ ನೋಡಿದ್ದೇನೆ.

‘ಕಿತನಾ?’ ಅಂದೆ. ಅವನು ದೇವಗಡದ ರೇಟೇ ಹೇಳಿದ. ಹಾಳೆಯಲ್ಲಿ ಸತ್ತವರ ಹೆಸರನ್ನು ಗಟ್ಟಿಯಾಗಿ ಓದಿದೆ. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಹುಲ್ಲನ್ನು ಮೊದಲಿನಂತೆ ಮುಚ್ಚಿದ.

‘ನಿಮಗ ಧಾರವಾಡದ ರೇಟ್ ಹಚ್ಚತೇನ್ರೀ ಅಕ್ಕಾರ. ಎಷ್ಟ್ ಡಜನ್?’