ಲಾಸ್‌ಲೆಸ್ ತಗೊಂಡ್ರೆ ಹಾಡು ಚೆಂದ ಕೇಳಿಸುತ್ತಾ?

ಹಾಸ್ಟೆಲ್‌ನಲ್ಲಿ ಎರಡು ಪಾರ್ಟಿ ಇವೆ. ಲಾಸ್‌ಲೆಸ್ ಪ್ಲಾನ್, ದುಬಾರಿ ಯುಎಸ್‌ಬಿ ಕೇಬಲ್ ತಗೊಂಡರೆ ಹಾಡು ಬೇರೆ ಲೆವೆಲ್‌ಗೆ ಹೋಗುತ್ತೆ ಅನ್ನೋರು ಒಂದು ಕಡೆ. ಎಲ್ಲಾ ಸುಳ್ಳು ಅನ್ನೋರು ಇನ್ನೊಂದು ಕಡೆ. ವಾದ ದಿನಾ ನಡೆಯುತ್ತೆ, ಟೆಸ್ಟ್ ಮಾತ್ರ ಯಾರೂ ಮಾಡಲ್ಲ. ಇಂಜಿನಿಯರಿಂಗ್ ಓದೋರು ನಾವು, ಮಾಡೇಬಿಡೋಣ.

ಮೊದಲು ಲೆಕ್ಕ. ಸಿಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸುಮಾರು 1,411 ಕೆಬಿಪಿಎಸ್. ನೈಕ್ವಿಸ್ಟ್ ಪ್ರಮೇಯದ ಪ್ರಕಾರ ಇದರಲ್ಲಿ 22 ಕಿಲೋಹರ್ಟ್ಜ್‌ವರೆಗಿನ ಧ್ವನಿ ಹಿಡಿಯುತ್ತೆ. ನಮ್ಮ ಕಿವಿಯ ಮಿತಿಯೇ ಸುಮಾರು 20. ಫ್ಲ್ಯಾಕ್ ಫೈಲು ಜಿಪ್ ಇದ್ದ ಹಾಗೆ, ಬಿಚ್ಚಿದಾಗ ಒಂದು ಬಿಟ್ಟೂ ಕಳೆದಿರಲ್ಲ. ಎಂಪಿ3 ಮಾತ್ರ ಕಿವಿಗೆ ಗೊತ್ತಾಗಲ್ಲ ಅಂತ ಅಂದಾಜು ಮಾಡಿದ ಭಾಗವನ್ನು ಬಿಟ್ಟುಬಿಡುತ್ತೆ. ಆದ್ದರಿಂದ ಫೈಲಿನಲ್ಲಿ ವ್ಯತ್ಯಾಸ ಇರೋದು ನಿಜ. ಅದು ಕೇಳಿಸುತ್ತಾ ಅನ್ನೋದೇ ಪ್ರಶ್ನೆ.

ಟೆಸ್ಟಿಗೆ ಮೂರು ನಿಯಮ. ಒಂದೇ ಫ್ಲ್ಯಾಕ್‌ನಿಂದ ನೀವೇ 320 ಕೆಬಿಪಿಎಸ್ ಎಂಪಿ3 ಮಾಡಿಕೊಳ್ಳಿ. ಎರಡರ ವಾಲ್ಯೂಮ್ ಸಮ ಇರಲಿ, ಯಾಕಂದ್ರೆ ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸುತ್ತೆ. ಯಾವುದು ಓಡ್ತಿದೆ ಅಂತ ಕೇಳುವವರಿಗೆ ಗೊತ್ತಿರಬಾರದು.

ರಜೆಗೆ ಊರಿಗೆ, ಕಕ್ಕೇರಾಕ್ಕೆ ಹೋದಾಗ ತಮ್ಮನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ನಾನು ಬೆನ್ನು ಮಾಡಿ ಕೂತೆ. ಅವನು ನಾಣ್ಯ ಚಿಮ್ಮಿ, ಬಿದ್ದದ್ದರ ಪ್ರಕಾರ ಫೈಲ್ ಹಾಕಿದ. 10 ಸಲದಲ್ಲಿ 6 ಸಲ ಸರಿ ಹೇಳಿದೆ. ಗೆದ್ದೆ ಅನ್ನೋ ಹಾಗಿಲ್ಲ ನೋಡ್ರಿ: ಬರೀ ಊಹೆ ಮಾಡಿದರೂ 6 ಅಥವಾ ಹೆಚ್ಚು ಬರುವ ಸಂಭವ ಸುಮಾರು 38%. ಅದೇ 9 ಅಥವಾ ಹೆಚ್ಚು ಬರುವ ಸಂಭವ ಬರೀ 1%. ಅಷ್ಟು ಬಂದರೆ ನಂಬಬಹುದು.

ದೊಡ್ಡ ಮಟ್ಟದಲ್ಲೂ ಇದು ನಡೆದಿದೆ. 2007ರಲ್ಲಿ ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರಾನ್ ಹೈ-ರೆಸಲ್ಯೂಶನ್ ಆಡಿಯೊವನ್ನು ಸಿಡಿ ಗುಣಮಟ್ಟದ ಜೊತೆ ಹೋಲಿಸಿದರು. 554 ಸಲದಲ್ಲಿ ಸರಿ ಉತ್ತರ 276, ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ 52.3% ಬಂತು. ವ್ಯತ್ಯಾಸ ಇದೆ, ಆದರೆ ತುಂಬಾ ಸಣ್ಣದು.

ಕೇಬಲ್ಲಿಗೆ ಕಿವಿಯೂ ಬೇಡ. ಎರಡೂ ಕೇಬಲ್‌ನಲ್ಲಿ ಬಂದ ಔಟ್‌ಪುಟ್ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಒಂದನ್ನು ತಲೆಕೆಳಗು ಮಾಡಿ ಕೂಡಿಸಿ. ಕೊನೆಗೆ ಉಳಿಯೋದು ಬರೀ ನಾಯ್ಸ್ ಆದರೆ ಕೇಬಲ್ ಏನೂ ಬದಲಿಸಿಲ್ಲ.

ಇನ್ನೆರಡು ಮಾತು. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ಕೋಡೆಕ್ ಸುಮಾರು 328 ಕೆಬಿಪಿಎಸ್‌ಗೆ ಹಾಡನ್ನು ಮತ್ತೆ ಕುಗ್ಗಿಸುತ್ತೆ. ಅಂಥ ಇಯರ್‌ಬಡ್ಸ್ ಹಾಕ್ಕೊಂಡು ಲಾಸ್‌ಲೆಸ್‌ಗೆ ದುಡ್ಡು ಕೊಟ್ಟರೆ ಡೇಟಾ ಎರಡು-ಮೂರು ಪಟ್ಟು ಖರ್ಚು, ಲಾಭ ಕಾಣೆ. ಹಾಗೇ ಸಿದ್ಧರಾಮ ಜಂಬಲದಿನ್ನಿ ಅವರ ಹಳೆಯ ವಚನ ಗಾಯನದ ರೆಕಾರ್ಡಿಂಗ್ ಕೇಳ್ತೀರಿ ಅಂದ್ಕೊಳ್ಳಿ. ಅಂದಿನ ಮೈಕು, ಟೇಪು ಹಿಡಿಯದೇ ಇದ್ದದ್ದನ್ನು ಇವತ್ತಿನ ಯಾವ ಪ್ಲಾನೂ ತಂದುಕೊಡಲ್ಲ.

ಫ್ರೀ ಟ್ರಯಲ್ ಮುಗಿಯೋದರೊಳಗೆ ರೂಮ್‌ಮೇಟ್‌ನ ಕೂರಿಸಿ ಟೆಸ್ಟ್ ಮಾಡಿ. 9 ಬಂದರೆ ಧಾರಾಳವಾಗಿ ಪ್ಲಾನ್ ತಗೊಳ್ಳಿ. 6 ಬಂದರೆ ಆ ದುಡ್ಡಲ್ಲಿ ಒಳ್ಳೆ ಇಯರ್‌ಫೋನ್ ತಗೊಳ್ಳಿ, ಅದರ ವ್ಯತ್ಯಾಸ ಟೆಸ್ಟ್ ಇಲ್ಲದೇನೇ ಕೇಳಿಸುತ್ತೆ.