ಇಸ್ಲಾಮೀ ನ್ಯಾಯಗ್ರಂಥಗಳ ಮುದ್ರಣ ಮತ್ತು ಸಂಪಾದನೆ: ‘ಹಿದಾಯಾ’ದ ನಿದರ್ಶನ

ಶಾಸ್ತ್ರಗ್ರಂಥವೊಂದು ಹಸ್ತಪ್ರತಿಯಿಂದ ಅಚ್ಚಿಗೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗುವಾಗ ಅದರ ಪಾಠದೊಡನೆ ಅದಕ್ಕಿರುವ ಪ್ರಾಮಾಣ್ಯದ ಸ್ವರೂಪವೂ ಬದಲಾಗುತ್ತದೆ. ಇಸ್ಲಾಮೀ ನ್ಯಾಯಶಾಸ್ತ್ರದ, ಅಂದರೆ ಫಿಖ್‌ನ, ಪ್ರಕಟಣೆಯ ಚರಿತ್ರೆಯಲ್ಲಿ ಈ ಮಾತಿಗೆ ‘ಹಿದಾಯಾ’ ಗ್ರಂಥವು ಸ್ಪಷ್ಟ ನಿದರ್ಶನವಾಗಿದೆ.

ಮಧ್ಯ ಏಷ್ಯಾದ ಫರ್ಗಾನಾ ಪ್ರದೇಶದ ಬುರ್ಹಾನುದ್ದೀನ್ ಅಲ್-ಮರ್ಗೀನಾನಿ (ಮರಣ 1197) ಅರಬ್ಬಿಯಲ್ಲಿ ರಚಿಸಿದ ಈ ಕೃತಿಯು ಹನಫೀ ಪಂಥದ ಪ್ರಮಾಣಗ್ರಂಥಗಳಲ್ಲೊಂದು. ತನ್ನದೇ ಸಂಕ್ಷಿಪ್ತ ಕೃತಿಯೊಂದಕ್ಕೆ ಆತ ಬರೆದ ವ್ಯಾಖ್ಯಾನವಿದು. ಅಬೂ ಹನೀಫಾ ಹಾಗೂ ಆತನ ಶಿಷ್ಯರಾದ ಅಬೂ ಯೂಸುಫ್, ಮುಹಮ್ಮದ್ ಅಲ್-ಶೈಬಾನಿ ಇವರ ಅಭಿಪ್ರಾಯಭೇದಗಳನ್ನು ಕಾರಣಸಹಿತ ಮಂಡಿಸುವುದು ಇದರ ಕ್ರಮ. ಎಂದರೆ ಇದು ಕಾನೂನಿನ ಕಲಮುಗಳ ಪಟ್ಟಿಯಲ್ಲ, ವಾದಪರಂಪರೆಯ ದಾಖಲೆ. ಇದನ್ನು ಗುರುಮುಖದಿಂದ ವ್ಯಾಖ್ಯಾನಗಳೊಡನೆ ಓದುವುದು ವಾಡಿಕೆಯಾಗಿತ್ತು.

1772ರಲ್ಲಿ ವಾರನ್ ಹೇಸ್ಟಿಂಗ್ಸ್‌ನು ರೂಪಿಸಿದ ನ್ಯಾಯಾಡಳಿತ ಯೋಜನೆಯು ವಿವಾಹ, ಉತ್ತರಾಧಿಕಾರ ಮೊದಲಾದ ವಿಷಯಗಳಲ್ಲಿ ಮುಸ್ಲಿಮರಿಗೆ ಅವರ ಶಾಸ್ತ್ರವನ್ನೇ ಅನ್ವಯಿಸಬೇಕೆಂದು ವಿಧಿಸಿತು. ಅರಬ್ಬಿ ತಿಳಿಯದ ಇಂಗ್ಲಿಷ್ ಅಧಿಕಾರಿಗಳಿಗೆ ಅನುವಾದ ಅಗತ್ಯವಾಯಿತು. ಗುಲಾಮ್ ಯಹ್ಯಾ ಮೊದಲಾದ ಮೌಲ್ವಿಗಳು ‘ಹಿದಾಯಾ’ವನ್ನು ಪಾರಸಿಗೆ ತಂದರು. ಆ ಪಾರಸಿ ಪಾಠವನ್ನು ಆಧರಿಸಿ ಚಾರ್ಲ್ಸ್ ಹ್ಯಾಮಿಲ್ಟನ್ ಸಿದ್ಧಪಡಿಸಿದ ಇಂಗ್ಲಿಷ್ ಅನುವಾದವು 1791ರಲ್ಲಿ ಲಂಡನ್ನಿನಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಪಾರಸಿ ಪಾಠದಲ್ಲಿ ಮೂಲದೊಳಗೆ ವಿವರಣೆಗಳೂ ಬೆರೆತಿದ್ದುದರಿಂದ ಮರ್ಗೀನಾನಿಯ ಮಾತು ಯಾವುದು, ಅನಂತರದವರ ಮಾತು ಯಾವುದು ಎಂಬ ಗೆರೆ ಮಸುಕಾಯಿತು. ಶುದ್ಧಿ, ನಮಾಜು, ಉಪವಾಸ, ಹಜ್ ಕುರಿತ ಅಧ್ಯಾಯಗಳನ್ನು ಕೈಬಿಟ್ಟದ್ದರಿಂದ ಆರಾಧನೆಗೂ ವ್ಯವಹಾರಕ್ಕೂ ಇದ್ದ ಸಂಬಂಧ ಓದುಗರಿಗೆ ಕಾಣದಾಯಿತು. ಮೂಲದಲ್ಲೇ ಇಲ್ಲದಿದ್ದ ದಾಯಭಾಗದ ವಿಷಯವನ್ನು ವಿಲಿಯಂ ಜೋನ್ಸ್ 1792ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ‘ಸಿರಾಜಿಯ್ಯಾ’ ಅನುವಾದವು ಪೂರೈಸಿತು.

ಆರಂಭದಲ್ಲಿ ನ್ಯಾಯಾಲಯಗಳಲ್ಲಿ ಶಾಸ್ತ್ರವನ್ನು ತಿಳಿಸಲು ಮೌಲ್ವಿಗಳಿದ್ದರು. 1864ರಲ್ಲಿ ಈ ಹುದ್ದೆಗಳು ರದ್ದಾದ ಮೇಲೆ ನ್ಯಾಯಾಧೀಶರಿಗೆ ಉಳಿದ ಮುಖ್ಯ ಆಧಾರ ಮುದ್ರಿತ ಪುಸ್ತಕ. ಮರುವರ್ಷವೇ ನೀಲ್ ಬೇಲಿಯ ಸಂಗ್ರಹಗ್ರಂಥ ಹೊರಬಂದದ್ದೂ, 1870ರಲ್ಲಿ ಹ್ಯಾಮಿಲ್ಟನ್ ಅನುವಾದ ಗ್ರೇಡಿಯ ಸಂಪಾದಕತ್ವದಲ್ಲಿ ಮರುಮುದ್ರಣಗೊಂಡದ್ದೂ ಗಮನಾರ್ಹ. ವಿಧವೆಯ ಜೀವನಾಂಶದ ಪ್ರಶ್ನೆಯಿದ್ದ ಆಗಾ ಮಹಮದ್ ಮೊಕದ್ದಮೆಯಲ್ಲಿ (1897) ಪ್ರಿವಿ ಕೌನ್ಸಿಲ್, ‘ಹಿದಾಯಾ’ದಂತಹ ಗ್ರಂಥಗಳ ಸ್ಪಷ್ಟ ನಿರ್ಣಯಕ್ಕೆ ವಿರುದ್ಧವಾಗಿ ಖುರಾನಿನ ವಚನವನ್ನು ತಾನಾಗಿ ಅರ್ಥೈಸಲು ನಿರಾಕರಿಸಿತು. ವಾದಕ್ಕೆ ಎಡೆಯಿದ್ದ ಗ್ರಂಥವು ಹೀಗೆ ವಾದವನ್ನು ಮುಚ್ಚುವ ಪ್ರಮಾಣವಾಯಿತು.

ವಿದ್ವತ್ ಪ್ರಕಟಣೆಯ ಮಹತ್ವ ತಿಳಿಯುವುದು ಇಲ್ಲಿಯೇ. ಫಾತಿಮೀ ಯುಗದ ಖಾಜಿ ನುಅಮಾನನ ‘ದಆಇಮುಲ್ ಇಸ್ಲಾಂ’ ಬಹುಕಾಲ ಹಸ್ತಪ್ರತಿಗಳಲ್ಲೇ ಉಳಿದಿತ್ತು. ಭಾರತೀಯ ನ್ಯಾಯಶಾಸ್ತ್ರಜ್ಞ ಆಸಫ್ ಅಲಿ ಅಸ್ಗರ್ ಫೈಜಿ ಅದರ ಅರಬ್ಬಿ ಪಾಠವನ್ನು ಸಂಪಾದಿಸಿ, ಮೊದಲ ಸಂಪುಟವನ್ನು 1951ರಲ್ಲಿ ಕೈರೋದಲ್ಲಿ ಪ್ರಕಟಿಸಿದರು. ಮೂಲಪಾಠವನ್ನೇ ಓದುಗರ ಮುಂದಿಡುವ ಮಾರ್ಗವಿದು. ಇಂತಹ ಅಧ್ಯಯನಕ್ಕೆ ಮೀಸಲಾದ ‘ಇಸ್ಲಾಮಿಕ್ ಲಾ ಆ್ಯಂಡ್ ಸೊಸೈಟಿ’ ಪತ್ರಿಕೆಯನ್ನು ಲೈಡನ್ನಿನ ಬ್ರಿಲ್ ಸಂಸ್ಥೆಯು 1994ರಲ್ಲಿ ಆರಂಭಿಸಿತು. 2006ರಲ್ಲಿ ಇಮ್ರಾನ್ ಅಹ್ಸನ್ ಖಾನ್ ನ್ಯಾಜಿಯವರು ‘ಹಿದಾಯಾ’ವನ್ನು ಅರಬ್ಬಿಯಿಂದಲೇ ಇಂಗ್ಲಿಷಿಗೆ ತಂದ ಅನುವಾದದ ಮೊದಲ ಸಂಪುಟ ಪ್ರಕಟವಾಯಿತು.

ಆದ್ದರಿಂದ ‘ಹಿದಾಯಾದಲ್ಲಿ ಹೀಗಿದೆ’ ಎಂದಷ್ಟೇ ಉಲ್ಲೇಖಿಸಿದರೆ ಸಾಲದು. ಅದು ಅರಬ್ಬಿ ಮೂಲವೋ, ಪಾರಸಿಯ ಮೂಲಕ ಬಂದ ಹ್ಯಾಮಿಲ್ಟನ್ ಪಾಠವೋ, ಗ್ರೇಡಿಯ ಆವೃತ್ತಿಯೋ ಎಂಬುದನ್ನು ಸಂಶೋಧಕರು ಸೂಚಿಸಬೇಕು. ಗ್ರಂಥಾಲಯಗಳ ಸೂಚಿಗಳಲ್ಲಿ ಇವು ಪ್ರತ್ಯೇಕವಾಗಿ ನಮೂದಾಗಬೇಕು. ಒಬ್ಬ ವಿಧವೆಯ ಹಕ್ಕನ್ನು ನಿರ್ಣಯಿಸಬಲ್ಲ ವಾಕ್ಯವು ಯಾರದು ಎಂದು ತಿಳಿಯಲು ಇದು ಅವಶ್ಯ.