ಎಲ್ಲರ ಮಕ್ಕಳಿಗೂ ಒಂದೇ ಬಾಗಿಲು

ಅಂಕೋಲಾದಲ್ಲಿ ‘ಪಿ.ಎಂ. ಹೈಸ್ಕೂಲ್’ ಎಲ್ಲಿದೆ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಆದರೆ ಆ ಎರಡಕ್ಷರಗಳ ಅರ್ಥವೇನೆಂದು ಕೇಳಿದರೆ ಹೊಸ ತಲೆಮಾರಿನ ಅನೇಕರು ತಡವರಿಸಬಹುದು. ಅದು ಪೀಪಲ್ಸ್ ಮಲ್ಟಿಪರ್ಪಸ್ ಹೈಸ್ಕೂಲ್. ಅಂದರೆ ಜನರ ಶಾಲೆ, ಬಹೂದ್ದೇಶ ಶಾಲೆ. ಈ ಹೆಸರಿನೊಳಗೆ ನಮ್ಮ ದೇಶದ ಶಿಕ್ಷಣದ ಒಂದು ದೊಡ್ಡ ಕನಸೇ ಅಡಗಿದೆ. ಆ ಕನಸಿಗೂ ನಮ್ಮ ಮನೆಯ ಹೆಣ್ಣುಮಕ್ಕಳ ಓದಿಗೂ ಹತ್ತಿರದ ಸಂಬಂಧವಿದೆ.

ಆಝಾದರ ಕಾಲದ ಕನಸು

ಸ್ವಾತಂತ್ರ್ಯ ಬಂದಾಗ ಹೈಸ್ಕೂಲು ಎಂದರೆ ಗುಮಾಸ್ತನ ನೌಕರಿಗೆ ದಾರಿ ಎಂಬ ಭಾವನೆಯಿತ್ತು. ಮೌಲಾನಾ ಅಬುಲ್ ಕಲಾಂ ಆಝಾದ್ ಶಿಕ್ಷಣ ಸಚಿವರಾಗಿದ್ದಾಗ, 1952ರಲ್ಲಿ, ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ಪ್ರೌಢಶಿಕ್ಷಣ ಆಯೋಗ ನೇಮಕವಾಯಿತು. 1953ರಲ್ಲಿ ಅದು ವರದಿ ಕೊಟ್ಟಿತು. ಒಂದೇ ಶಾಲೆಯಲ್ಲಿ ಭಾಷೆ, ಸಮಾಜ, ಗಣಿತಗಳ ಜೊತೆಗೆ ವಿಜ್ಞಾನ, ತಾಂತ್ರಿಕ ವಿಷಯ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನಗಳೂ ಇರಬೇಕು. ಮಗುವಿನ ಒಲವು ಯಾವುದೋ ಅದಕ್ಕೆ ಅಲ್ಲೇ ಜಾಗ ಸಿಗಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಬಡಗಿಯ ಮಗ ಒಂದು ಶಾಲೆಗೆ, ವಕೀಲನ ಮಗ ಇನ್ನೊಂದು ಶಾಲೆಗೆ ಎಂಬ ಭೇದ ಇದರಿಂದ ಅಳಿಯಬೇಕಿತ್ತು.

ಅದೇ 1953ರಲ್ಲಿ ಅಂಕೋಲಾದಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಪಿ.ಎಂ. ಹೈಸ್ಕೂಲ್ ಈ ಟ್ರಸ್ಟಿನ ಆಶ್ರಯದ್ದು.

ಕವಿ ಕಟ್ಟಿದ ಶಾಲೆಗಳು

ದಿನಕರ ದೇಸಾಯಿ ಎಂದೊಡನೆ ಕನ್ನಡಿಗರಿಗೆ ಚೌಪದಿ ನೆನಪಾಗುತ್ತದೆ. 1909ರಲ್ಲಿ ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ಹುಟ್ಟಿದ ಅವರು ಕೇವಲ ಕವಿಯಾಗಿರಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಆರಂಭಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯ ಹಡಗು ಕಾರ್ಮಿಕರ ನಡುವೆ ದುಡಿದವರು. ಉತ್ತರ ಕನ್ನಡದ ಗೇಣಿ ರೈತರನ್ನು ಸಂಘಟಿಸಿದ್ದಕ್ಕಾಗಿ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ತಮ್ಮ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ರೈತನಿಗೆ ಭೂಮಿಯ ಹಕ್ಕು ಸಿಕ್ಕರಷ್ಟೇ ಸಾಲದು, ಅವನ ಮಗುವಿಗೆ ಅಕ್ಷರವೂ ಸಿಗಬೇಕೆಂಬುದನ್ನು ಅವರು ಕಂಡುಕೊಂಡಿದ್ದರು.

ಆಗ ಈ ಕರಾವಳಿಯಲ್ಲಿ ಹೈಸ್ಕೂಲು ಎಲ್ಲರ ಕೈಗೆಟಕುವಂತಿರಲಿಲ್ಲ. ಅಂಕೋಲಾದಿಂದ ಕಾರವಾರ ಸುಮಾರು 35 ಕಿ.ಮೀ. ಅಂತರದಲ್ಲಿದೆ. ಕಾಳಿ, ಗಂಗಾವಳಿ ನದಿಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಕಾಲವದು. ಪೇಟೆಯಲ್ಲಿ ನೆಂಟರ ಮನೆಯಿದ್ದವನ ಮಗ ಓದಿದ. ಇಲ್ಲದವನ ಮಗ ಗದ್ದೆಗೋ ದೋಣಿಗೋ ಹೋದ. ಇನ್ನು ಮಗಳ ಮಾತೆಲ್ಲಿ? ಹಾಲಕ್ಕಿ ಒಕ್ಕಲಿಗರಿರಲಿ, ಖಾರ್ವಿಯರಿರಲಿ, ಮುಸ್ಲಿಮರಿರಲಿ, ಹೈಸ್ಕೂಲು ಊರಿಗೆ ಬಂದರೆ ಮಾತ್ರ ಅವರ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವಂತಿತ್ತು. ಆದ್ದರಿಂದಲೇ ದೇಸಾಯಿಯವರ ಟ್ರಸ್ಟ್ ಒಂದೇ ಕಡೆ ನಿಲ್ಲದೆ ಜಿಲ್ಲೆಯ ಹಲವೆಡೆ ಶಾಲೆಗಳನ್ನು ತೆರೆಯಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲಾದಲ್ಲೇ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿ ಸೋತಿದ್ದ ನಾಯಕನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಇನ್ನೇನಿದ್ದೀತು? 1967ರಲ್ಲಿ ದೇಸಾಯಿಯವರು ಲೋಕಸಭೆಗೂ ಆಯ್ಕೆಯಾದರು. 1982ರಲ್ಲಿ ತೀರಿಕೊಂಡರು.

ಬಹೂದ್ದೇಶ ಶಾಲೆಯ ಯೋಜನೆ ಮಾತ್ರ ದೇಶದಲ್ಲಿ ಎಣಿಸಿದಷ್ಟು ಫಲ ಕೊಡಲಿಲ್ಲ. ಪಾಠ ಮಾಡಲು ತರಬೇತಾದ ಶಿಕ್ಷಕರೇ ಸಾಕಷ್ಟಿರಲಿಲ್ಲ. ಆ ಕೊರತೆ ನೀಗಿಸಲು 1963ರಲ್ಲಿ ಮೈಸೂರು ಸೇರಿದಂತೆ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಬಂದವು. ಅಷ್ಟರಲ್ಲಿ ಕೊಠಾರಿ ಆಯೋಗ, ಹತ್ತನೇ ತರಗತಿಯ ತನಕ ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣವಿರಲಿ ಎಂದಿತು. ಯೋಜನೆ ಹೋಯಿತು. ಆದರೆ ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕೆಂಬ ಅದರ ತಿರುಳು ಹಳತಾಗಿಲ್ಲ.

ಬದ್ರ್‌ನ ಗುರುಗಳು

ಇಂಥ ಶಾಲೆ ನಮಗೆ ಹೊಂದೀತೇ ಎಂದು ಕೆಲವು ಮನೆಗಳಲ್ಲಿ ಇಂದಿಗೂ ಕೇಳುತ್ತಾರೆ. ಸಮುದಾಯದ್ದೇ ಆದ ಸಂಸ್ಥೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮದೇ ಜಿಲ್ಲೆಯ ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿನ ತನಕ ಬೆಳೆದು ನಿಂತಿದೆ. ಆದರೆ ಎಲ್ಲ ಊರಿನಲ್ಲೂ ಅಂಜುಮನ್ ಇರಲು ಸಾಧ್ಯವಿಲ್ಲ. ನಮ್ಮ ಹೆಚ್ಚಿನ ಮಕ್ಕಳು ಓದುವುದು ಎಲ್ಲರ ಶಾಲೆಗಳಲ್ಲೇ. ಪೂರ್ಣಾವಧಿ ಮದ್ರಸಗಳಲ್ಲಿ ಓದುವ ಮುಸ್ಲಿಮ್ ಮಕ್ಕಳು ನೂರಕ್ಕೆ ನಾಲ್ವರಿಗಿಂತ ಹೆಚ್ಚಿಲ್ಲವೆಂದು 2006ರ ಸಾಚಾರ್ ವರದಿಯೇ ಹೇಳಿತ್ತು.

ಬದ್ರ್ ಯುದ್ಧದ ಬಳಿಕ ನಡೆದುದನ್ನು ನೆನೆಯೋಣ. ಓದುಬರಹ ಬಲ್ಲ ಖೈದಿಗಳಿಗೆ ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ ಮುಹಮ್ಮದ್(ಸ)ರು ಗೊತ್ತುಪಡಿಸಿದ್ದರೆಂದು ಚರಿತ್ರೆಯಲ್ಲಿದೆ. ಆ ಗುರುಗಳು ಮುಸ್ಲಿಮರಾಗಿರಲಿಲ್ಲ. ನಿನ್ನೆಯ ತನಕ ಎದುರು ನಿಂತು ಹೋರಾಡಿದವರು. ಆದರೂ ಮಕ್ಕಳನ್ನು ಅವರ ಮುಂದೆ ಕೂರಿಸಲಾಯಿತು. ವಿದ್ಯೆ ಎಲ್ಲಿಂದ ಬಂದರೂ ಅದು ವಿದ್ಯೆಯೇ.

ಹಾಗೆಂದು ಶಾಲೆಯ ಹೊಣೆ ಸಣ್ಣದಲ್ಲ. ಶಾಲೆಯ ಹೆಸರು, ಗೌರವ ಎಲ್ಲವೂ ಬಹುಮಟ್ಟಿಗೆ ಮುಖ್ಯೋಪಾಧ್ಯಾಯರನ್ನೇ ಅವಲಂಬಿಸಿದೆಯೆಂದು ಮುದಲಿಯಾರ್ ಆಯೋಗ ಅಂದೇ ಹೇಳಿತ್ತು. ಏಳನೆಯ ತನಕ ಉರ್ದು ಶಾಲೆಯಲ್ಲಿ ಓದಿದ ಹುಡುಗಿ ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬರುತ್ತಾಳೆ. ವಿಜ್ಞಾನದ ಪದಗಳೆಲ್ಲ ಅವಳಿಗೆ ಹೊಸವು. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಮಗುವಿನದ್ದೂ ಇದೇ ಪಾಡು. ಅವಳನ್ನು ‘ದಡ್ಡಿ’ ಎಂದು ಹಿಂದಿನ ಬೆಂಚಿಗೆ ತಳ್ಳುವುದೋ, ಮೊದಲ ಮೂರು ತಿಂಗಳು ಅರ್ಧ ಗಂಟೆ ಹೆಚ್ಚು ಹೇಳಿಕೊಡುವುದೋ? ಅವಳು ಎಸ್ಸೆಸ್ಸೆಲ್ಸಿ ಮುಟ್ಟುವಳೋ ಮನೆ ಸೇರುವಳೋ ಎಂಬುದು ಆಗಲೇ ನಿರ್ಧಾರವಾಗಿಬಿಡುತ್ತದೆ.

2022ರಲ್ಲಿ ಶಿರವಸ್ತ್ರದ ವಿವಾದ ಎದ್ದಾಗ ನಮ್ಮ ರಾಜ್ಯದಲ್ಲಿ ಎಷ್ಟೋ ಹುಡುಗಿಯರು ಗೇಟಿನ ಹೊರಗೆ ನಿಲ್ಲಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ತನ್ನ ಮನಸ್ಸಿನಲ್ಲಿ ಮೊದಲು ಇದ್ದುದು ಹೆಣ್ಣುಮಗುವಿನ ಶಿಕ್ಷಣ ಎಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಹೇಳಿದರು. ಶಾಲೆ ನಡೆಸುವವರೆಲ್ಲರ ಮನಸ್ಸಿನಲ್ಲೂ ಮೊದಲು ಇರಬೇಕಾದದ್ದು ಅದೇ.

ತಾಯಂದಿರ ಕುರ್ಚಿ

ಸಹೋದರಿಯರೇ, ಶಾಲೆಯ ನಾಯಕತ್ವವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯಷ್ಟೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಎಂಟನೇ ತರಗತಿಯ ತನಕದ ಸರಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು. ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ಎಸ್‌ಡಿಎಂಸಿ ಎನ್ನುತ್ತೇವೆ. ಅನುದಾನಿತ ಶಾಲೆಗಳಲ್ಲಿ ಸಮಿತಿಯ ಕೆಲಸ ಸಲಹೆಗೆ ಸೀಮಿತವಾದರೂ ಮಾತಾಡುವ ಅವಕಾಶ ಅಲ್ಲಿಯೂ ಇದೆ.

ಈ ಕುರ್ಚಿ ಯಾರ ದಯೆಯದ್ದೂ ಅಲ್ಲ, ಕಾನೂನಿನದ್ದು. ಆದರೆ ತಾಯಿಯ ಹೆಸರು ಪಟ್ಟಿಯಲ್ಲಿದ್ದು ಸಭೆಗೆ ತಂದೆ ಹೋಗಿಬರುವುದು, ಸಹಿಗೆ ಮಾತ್ರ ಪುಸ್ತಕ ಮನೆಗೆ ಬರುವುದು ನಮ್ಮ ನಡುವೆ ಹೊಸತೇನಲ್ಲ. ಸಭೆಯಲ್ಲಿ ಹೇಳಲು ದೊಡ್ಡ ವಿದ್ಯೆ ಬೇಕಿಲ್ಲ. ಹುಡುಗಿಯರ ಶೌಚಾಲಯಕ್ಕೆ ನೀರಿದೆಯೇ? ಶಾಲೆ ಬಿಡುವ ಹೊತ್ತಿಗೆ ಬಸ್ಸಿದೆಯೇ? ಉರ್ದು ಶಾಲೆಯಿಂದ ಬರುವ ಮಕ್ಕಳಿಗೆ ಕನ್ನಡ ಹೇಳಿಕೊಡುವವರು ಯಾರು? ತಾಯಿಯಷ್ಟು ಚೆನ್ನಾಗಿ ಇವನ್ನು ಕೇಳಬಲ್ಲವರು ಬೇರೆ ಯಾರಿದ್ದಾರೆ?

ಜಿಲ್ಲೆಯಿಂದ ಹೊರಹಾಕಲ್ಪಟ್ಟವನೊಬ್ಬ ಮರಳಿ ಬಂದು ಅದೇ ಜಿಲ್ಲೆಯ ಮಕ್ಕಳಿಗೆ ಶಾಲೆಗಳನ್ನು ಕಟ್ಟಿದ. ಅದರ ಹೆಸರಿನಲ್ಲಿ ‘ಜನರದು’ ಎಂದು ಬರೆದ. ಆ ಮಾತು ನಿಜವಾಗಬೇಕಾದರೆ ಜನರು ಶಾಲೆಯೊಳಗೆ ಬರಬೇಕು. ನಿಮ್ಮ ಮಗುವಿನ ಶಾಲೆಯಲ್ಲಿ ಮುಂದಿನ ಪೋಷಕರ ಸಭೆ ಎಂದು ಎಂಬುದನ್ನು ಇಂದೇ ಕೇಳಿ ತಿಳಿದುಕೊಳ್ಳಿ. ಅಂದು ಮನೆಗೆಲಸ ಸ್ವಲ್ಪ ತಡವಾದರೂ ಪರವಾಗಿಲ್ಲ, ಸಭೆಗೆ ನೀವೇ ಹೋಗಿ.